ತೊಟ್ಟಿಯ ಅಳತೆ ಒಂದು, ಬಕೆಟ್ಟಿನ ಅಳತೆ ಇನ್ನೊಂದು: 16 ಬಕೆಟ್‌ಗಳ ಪ್ರಕರಣ

ಮಣ್ಣಿಲ್ಲದೆ, ಬಕೆಟ್ಟಿನ ಪೋಷಕಾಂಶ ದ್ರಾವಣದಲ್ಲಿ ಗಿಡ ಬೆಳೆಸಿದ ಈ ಪ್ರಕರಣದಲ್ಲಿ ಗೊಬ್ಬರಕ್ಕೆ ಕೊರತೆ ಇರಲಿಲ್ಲ, ನೀರಿಗೂ ಇರಲಿಲ್ಲ. ಅಳತೆಯ ಉಪಕರಣಗಳಿದ್ದವು, ಪ್ರತಿದಿನ ಬೆಳಿಗ್ಗೆ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಇಸಿ (ಕರಗಿದ ಲವಣಗಳ ಗಾಢತೆಯ ಅಳತೆ) ನೋಡಿ ನೋಟ್ ಪುಸ್ತಕದಲ್ಲಿ ಬರೆದಿಡುವ ಶಿಸ್ತೂ ಇತ್ತು. ಆದರೂ ನಾಟಿ ಮಾಡಿದ ಎರಡು ತಿಂಗಳೊಳಗೆ 16 ಗಿಡಗಳಲ್ಲಿ 7 ನೆಲ ಕಚ್ಚಿದವು. ಶ್ರದ್ಧೆಯಿಲ್ಲದವರ ತೋಟ ಹಾಳಾದರೆ ಕಲಿಯುವುದು ಹೆಚ್ಚೇನೂ ಇರುವುದಿಲ್ಲ. ಇವರು ಶ್ರದ್ಧೆಯಿಂದ ತಪ್ಪು ಜಾಗವನ್ನು ಅಳೆಯುತ್ತಿದ್ದರು. ಬರೆದಿಡಬೇಕೆನ್ನಿಸಿದ್ದು ಆ ಕಾರಣಕ್ಕೆ.

ಬೆಳೆಗಾರರು ಅಕ್ಕ ಮತ್ತು ತಮ್ಮ. ಇಲ್ಲಿಯೂ ಅವರನ್ನು ಹಾಗೆಯೇ ಕರೆಯುತ್ತೇನೆ. ಹೆಸರು, ಊರು, ವೃತ್ತಿ ಯಾವುದೂ ಈ ಕಥೆಗೆ ಬೇಕಿಲ್ಲ.

ಹಿನ್ನೆಲೆ

ಅಕ್ಕನಿಗೆ ಸೊಪ್ಪು ಬೆಳೆದ ಅನುಭವ ಚೆನ್ನಾಗಿಯೇ ಇತ್ತು. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರ ಹೆಸರಿನಿಂದ ಗುರುತಿಸುವ, ಪಂಪ್ ಬೇಡದ ವಿಧಾನ ಅವರದ್ದು. ಮುಚ್ಚಿದ ಡಬ್ಬಿಯಲ್ಲಿ ಪೋಷಕಾಂಶ ದ್ರಾವಣ ತುಂಬಿ, ಮುಚ್ಚಳದ ರಂಧ್ರದಲ್ಲಿ ಸಸಿ ಕೂರಿಸಿ, ಕೊಯ್ಲಿನವರೆಗೆ ಬಿಟ್ಟುಬಿಡುವುದು. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ. ಮುಚ್ಚಳಕ್ಕೂ ನೀರಿಗೂ ನಡುವೆ ತೇವದ ಗಾಳಿಯ ಜಾಗ ಉಂಟಾಗುತ್ತದೆ. ಅಲ್ಲಿ ಹುಟ್ಟುವ ನವಿರಾದ ಬೇರುಗಳು ಗಾಳಿಯಿಂದ ಆಮ್ಲಜನಕ ಹೀರುತ್ತವೆ, ಕೆಳಗಿನವು ನೀರು ಮತ್ತು ಗೊಬ್ಬರ ಹೀರುತ್ತವೆ. ಈ ವಿಧಾನದಲ್ಲಿ ಮಾಡಬಾರದ ಒಂದೇ ಕೆಲಸವೆಂದರೆ ಇಳಿದ ನೀರನ್ನು ಮತ್ತೆ ಅಂಚಿನವರೆಗೆ ತುಂಬುವುದು. ಹಾಗೆ ತುಂಬಿದರೆ ಗಾಳಿಯ ಬೇರು ಮುಳುಗಿ ಉಸಿರು ಕಟ್ಟುತ್ತದೆ. ಅಕ್ಕನಿಗೆ ಇದು ಗೊತ್ತಿತ್ತು.

ಹಣ್ಣು ಬಿಡುವ ಬೆಳೆಗೆ ಈ ಸೌಲಭ್ಯ ಸಾಲದು. ಬಲಿತ ಟೊಮೆಟೊ ಗಿಡ ಬಿಸಿಲ ದಿನಗಳಲ್ಲಿ ಎರಡು ಮೂರು ಲೀಟರ್ ನೀರನ್ನು ಸಲೀಸಾಗಿ ಕುಡಿಯುತ್ತದೆ. 20 ಲೀಟರ್ ಬಕೆಟ್ ಒಂದು ವಾರದಲ್ಲಿ ಬರಿದಾಗುತ್ತದೆ. ಹಾಗಾಗಿ ತಾರಸಿಯ ಮೇಲೆ ಹೊಸ ವ್ಯವಸ್ಥೆ ಬಂತು: 20 ಲೀಟರ್‌ನ 16 ಬಕೆಟ್‌ಗಳು, ಪ್ರತಿಯೊಂದರಲ್ಲಿ ಸುಮಾರು 16 ಲೀಟರ್ ದ್ರಾವಣ, ಗಾಳಿ ಊದಲು ಒಂದೊಂದು ಏರ್ ಸ್ಟೋನ್, ಮುಚ್ಚಳದಲ್ಲಿ ಸುಟ್ಟ ಜೇಡಿಮಣ್ಣಿನ ಗುಂಡುಗಳನ್ನು ತುಂಬಿದ ನೆಟ್ ಪಾಟ್, ಅಂದರೆ ಜಾಲರಿಯ ಪುಟ್ಟ ಕುಂಡ. ಎಂಟರಲ್ಲಿ ಟೊಮೆಟೊ, ನಾಲ್ಕರಲ್ಲಿ ಸೌತೆ, ನಾಲ್ಕರಲ್ಲಿ ದೊಣ್ಣೆ ಮೆಣಸಿನಕಾಯಿ.

ಬಕೆಟ್‌ಗಳನ್ನು ಬಿಡಿಬಿಡಿಯಾಗಿ ಇಡಬೇಕೆ, ಒಂದಕ್ಕೊಂದು ಜೋಡಿಸಬೇಕೆ ಎಂಬುದು ಮೊದಲ ನಿರ್ಧಾರ. ತಮ್ಮನಿಗೆ ಪೈಪು, ಪಂಪು, ಜೋಡಣೆಗಳಲ್ಲಿ ಒಲವು. "ಅಕ್ಕಾ, 16 ಬಕೆಟ್ಟಿಗೆ ದಿನಕ್ಕೆ 16 ಸಲ ಮೀಟರ್ ಅದ್ದುತ್ತಾ ಕೂರುತ್ತೀಯಾ?" ಎಂಬ ಅವರ ಪ್ರಶ್ನೆಗೆ ಅಕ್ಕನಲ್ಲಿ ಉತ್ತರವಿರಲಿಲ್ಲ. ನೆರಳಿನಲ್ಲಿ ಒಂದು ದೊಡ್ಡ ತೊಟ್ಟಿ ಇಟ್ಟು, ಅದರಿಂದ ಹೊರಟು ಅದಕ್ಕೇ ಮರಳುವ ಒಂದು ಮುಖ್ಯ ಕೊಳವೆ ಎಳೆದು, ಅದಕ್ಕೆ ಪ್ರತಿ ಬಕೆಟ್ಟಿನ ತಳದಿಂದ ಒಂದು ಗೇಣು ಉದ್ದದ ಕವಲು ಕೊಳವೆಯನ್ನು 'ಟಿ' ಜೋಡಣೆಯಿಂದ ಸೇರಿಸಿದರು. ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿದೊಡನೆ ತಾನೇ ತುಂಬಿಕೊಳ್ಳಲು ಒಂದು ತೇಲು ವಾಲ್ವ್ ಕೂರಿಸಿದರು. ಅಳತೆ, ಗೊಬ್ಬರ, ಆಮ್ಲ ಎಲ್ಲವೂ ತೊಟ್ಟಿಯಲ್ಲೇ. ಕೆಲಸ ಅಚ್ಚುಕಟ್ಟಾಗಿತ್ತು, ಎಲ್ಲಿಯೂ ಹನಿ ಸೋರಿಕೆಯಿಲ್ಲ. ಮೊದಲ ನಾಲ್ಕು ವಾರ ಗಿಡಗಳು ನೋಡುವವರ ಕಣ್ಣು ತಾಗುವಂತೆ ಬೆಳೆದವು.

ತೇಲು ವಾಲ್ವ್ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಎಲ್ಲ ಬಕೆಟ್‌ಗಳ ಮಟ್ಟವನ್ನೂ ಸದಾ ನೆಟ್ ಪಾಟಿನ ತಳಕ್ಕೆ ತಾಗುವಂತೆ ಕಾಯುತ್ತಿತ್ತು. ಸೊಪ್ಪಿನಲ್ಲಿ ಅಕ್ಕನ ಕೈ ಹಿಡಿದಿದ್ದ ಗಾಳಿಯ ಜಾಗ ಈ ಬಕೆಟ್‌ಗಳಲ್ಲಿ ಹುಟ್ಟಲೇ ಇಲ್ಲ. ಏರ್ ಪಂಪ್ ಇದೆಯಲ್ಲ, ಸಾಕು ಎಂದುಕೊಂಡಿದ್ದರು.

ಕಾಣಿಸಿಕೊಂಡದ್ದು

ಐದನೆಯ ವಾರದಲ್ಲಿ ಟೊಮೆಟೊದ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಗೆ ತಿರುಗಿತು. ಹೊಸ ಎಲೆಯಲ್ಲಿ ಮೊದಲು ಕಾಣುವ ಇಂಥ ಹಳದಿ ಕಬ್ಬಿಣದ ಕೊರತೆಯ ಗುರುತು. ಅದರ ಬೆನ್ನಿಗೆ ಸೌತೆ ಗಿಡಗಳು ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಚೇತರಿಸಿಕೊಳ್ಳತೊಡಗಿದವು. ಆರನೆಯ ವಾರ ಟೊಮೆಟೊ ಕಾಯಿಗಳ ಕೆಳತುದಿಯಲ್ಲಿ ಕಪ್ಪು, ತಗ್ಗಾದ ಕಲೆಗಳು ಬಂದವು. ಇದಕ್ಕೆ ತುದಿ ಕೊಳೆ ಎನ್ನುತ್ತಾರೆ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಬರುವ ದೋಷ, ರೋಗವಲ್ಲ.

ಮೂರೂ ಲಕ್ಷಣಗಳನ್ನು ಅವರು ಸರಿಯಾಗಿಯೇ ಗುರುತಿಸಿದರು. ಕಬ್ಬಿಣ ಕಡಿಮೆ, ಕ್ಯಾಲ್ಸಿಯಂ ಕಡಿಮೆ, ಗಿಡಕ್ಕೆ ಆಹಾರ ಸಾಲುತ್ತಿಲ್ಲ. ಎಲೆ ಹೇಳುತ್ತಿದ್ದುದು ಅದನ್ನೇ. ಎಲೆಗೆ ತಲುಪದಿರುವುದಕ್ಕೂ ನೀರಿನಲ್ಲಿ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂಬ ಅನುಮಾನ ಮಾತ್ರ ಆಗ ಯಾರಿಗೂ ಬರಲಿಲ್ಲ.

ಮೊದಲ ಸುತ್ತಿನ ಪ್ರಯತ್ನಗಳು

ತೊಟ್ಟಿಗೆ ಕಬ್ಬಿಣ ಹಾಕಿದರು. ಮೂರು ದಿನ ಕಾದು ಮತ್ತೆ ಹಾಕಿದರು. ಅವರ ಬಳಿ ಇದ್ದುದು ಇಡಿಟಿಎ ರೂಪದ ಕಬ್ಬಿಣ. ಇಡಿಟಿಎ ಎಂದರೆ ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ರಾಸಾಯನಿಕ. ದ್ರಾವಣದ ಪಿಎಚ್ 6.5ರ ಆಸುಪಾಸು ದಾಟಿತೆಂದರೆ ಅದರ ಹಿಡಿತ ಸಡಿಲವಾಗುತ್ತದೆ. ಡಿಟಿಪಿಎ ರೂಪದ್ದು ಇನ್ನಷ್ಟು ಮೇಲಿನವರೆಗೆ ತಾಳುತ್ತದೆ, ಇಡಿಡಿಎಚ್‌ಎ ರೂಪದ್ದು ಕ್ಷಾರೀಯ ನೀರಿನಲ್ಲೂ ನಿಲ್ಲುತ್ತದೆ. ತೊಟ್ಟಿಯ ಪಿಎಚ್ ದಿನವೂ ಬೆಳಿಗ್ಗೆ ಆಮ್ಲ ಹಾಕಿದ ಮೇಲೆ 5.8 ತೋರಿಸುತ್ತಿದ್ದುದರಿಂದ ಯಾವ ರೂಪದ ಕಬ್ಬಿಣವಾದರೇನು ಎಂದುಕೊಂಡರು. ಮರುದಿನ ಬೆಳಿಗ್ಗೆ ಅದು 6.9ಕ್ಕೆ ಏರಿರುತ್ತಿತ್ತು, ಮತ್ತೆ ಆಮ್ಲ. ಅವರ ನೀರು ಗಡಸು, ಬೈಕಾರ್ಬೊನೇಟ್ ಹೆಚ್ಚಿದ್ದ ನೀರು. ತೇಲು ವಾಲ್ವ್ ರಾತ್ರಿ ಹಗಲೆನ್ನದೆ ಆ ನೀರನ್ನೇ ತೊಟ್ಟಿಗೆ ಬಿಡುತ್ತಿತ್ತು. ಸಾಲದ್ದಕ್ಕೆ, ಗಿಡ ನೈಟ್ರೇಟ್ ಹೀರಿದಂತೆಲ್ಲ ಬೇರಿನ ಸುತ್ತಲಿನ ದ್ರಾವಣದ ಪಿಎಚ್ ಏರುವುದು ಸಹಜ.

ಕ್ಯಾಲ್ಸಿಯಂ ನೈಟ್ರೇಟ್ ಪ್ರಮಾಣವನ್ನೂ ಹೆಚ್ಚಿಸಿದರು. ಇಲ್ಲಿ ಅಳತೆಯ ಇನ್ನೊಂದು ಗೊಂದಲ ಸೇರಿಕೊಂಡಿತು. ಅವರು ಅನುಸರಿಸುತ್ತಿದ್ದ ಪಟ್ಟಿಯಲ್ಲಿ ಟೊಮೆಟೊಗೆ 1,400 ಪಿಪಿಎಂ ಎಂದಿತ್ತು. ಅವರ ಮೀಟರ್ ಸಹ 1,400 ತೋರಿಸುತ್ತಿತ್ತು. ಆದರೆ ಮೀಟರ್ ನಿಜವಾಗಿ ಅಳೆಯುವುದು ವಿದ್ಯುತ್ ವಾಹಕತೆಯನ್ನು, ಅಂದರೆ ಇಸಿಯನ್ನು. ಪಿಪಿಎಂ ಎಂಬುದು ಅದನ್ನು ಒಂದು ಗುಣಕದಿಂದ ಗುಣಿಸಿ ಹೇಳುವ ಸಂಖ್ಯೆ. ಕೆಲವು ಮೀಟರ್‌ಗಳು 500ರಿಂದ ಗುಣಿಸುತ್ತವೆ, ಕೆಲವು 700ರಿಂದ. ಪಟ್ಟಿ 700ರ ಲೆಕ್ಕದ್ದು: 1,400 ಎಂದರೆ ಇಸಿ 2.0. ಅವರ ಮೀಟರ್ 500ರ ಲೆಕ್ಕದ್ದು: ಅದೇ 1,400 ಎಂದರೆ ಇಸಿ 2.8. ಟೊಮೆಟೊ 2.8ನ್ನು ತಾಳಿಕೊಳ್ಳುತ್ತದೆ, ರುಚಿಗಾಗಿ ಬೇಕೆಂದೇ ಅದಕ್ಕಿಂತ ಹೆಚ್ಚು ಕೊಡುವವರಿದ್ದಾರೆ. ಸೌತೆಗೆ ಅದು ಭಾರ. ಬಿಸಿಲು ಏರುತ್ತಿದ್ದ ಆ ದಿನಗಳಲ್ಲಿ, ಹೆಚ್ಚು ನೀರು ಬೇಡುವ ಗಿಡಗಳಿಗೆ ಅದು ಇನ್ನೂ ಭಾರ. ಪಿಪಿಎಂ ಎಂಬ ಅಳತೆಯನ್ನೇ ಕೈಬಿಟ್ಟು ಇಸಿಯಲ್ಲಿ ಮಾತಾಡುವುದು ಒಳ್ಳೆಯದೆಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಮೀಟರಿನಲ್ಲಿ ಎರಡೂ ಇರುವಾಗ ಗೊಂದಲದ ಸಂಖ್ಯೆಯನ್ನು ಆರಿಸಿಕೊಳ್ಳುವುದೇಕೆ?

ದ್ರಾವಣ ಗಾಢವಾದಷ್ಟೂ ಬೇರು ನೀರು ಎಳೆಯುವುದು ಕಷ್ಟವಾಗುತ್ತದೆ. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ನೀರಿನ ಹರಿವಿನ ಜೊತೆಗೇ. ಆದ್ದರಿಂದ ತೊಟ್ಟಿಗೆ ಕ್ಯಾಲ್ಸಿಯಂ ಸುರಿದು ಇಸಿ ಏರಿಸಿದಾಗ ಕಾಯಿಯ ತುದಿಗೆ ಸೇರುವ ಕ್ಯಾಲ್ಸಿಯಂ ಇನ್ನಷ್ಟು ಇಳಿಯಿತು. ಕಪ್ಪು ಕಲೆಯ ಕಾಯಿಗಳು ಹೆಚ್ಚಿದವು.

ಅಷ್ಟರಲ್ಲಿ ಒಂದು ಸೌತೆ ಗಿಡ ಸಂಜೆಯಾದರೂ ಏಳಲಿಲ್ಲ. ಮುಚ್ಚಳ ಎತ್ತಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಕೆಟ್ಟ ವಾಸನೆ ಬರುತ್ತಿತ್ತು. ಎಳೆದರೆ ಹೊರಪದರ ಕಳಚಿ ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯಿತು. ಪಿಥಿಯಂ ಎಂಬ ಬೇರು ಕೊಳೆಯ ಜೀವಿಯ ಲಕ್ಷಣ ಇದು. ಶಿಲೀಂಧ್ರದಂತೆ ಕಂಡರೂ ಅದು ನಿಜವಾದ ಶಿಲೀಂಧ್ರವಲ್ಲ; ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಹೈಡ್ರೋಜನ್ ಪೆರಾಕ್ಸೈಡ್ ತಂದು ತೊಟ್ಟಿಗೆ ಬೆರೆಸಿದ್ದು ತಮ್ಮ. ತೊಟ್ಟಿ ನೊರೆಗಟ್ಟಿತು, ನೀರು ತಿಳಿಯಾಯಿತು, ವಾಸನೆ ಹೋಯಿತು. ಬಕೆಟ್‌ಗಳಲ್ಲಿ ಏನೂ ಬದಲಾಗಲಿಲ್ಲ. ಪೆರಾಕ್ಸೈಡ್ ಬೇಗನೆ ಒಡೆದು ನೀರು ಮತ್ತು ಆಮ್ಲಜನಕವಾಗುತ್ತದೆ. ಹೋಗುವಾಗ ಕಬ್ಬಿಣವನ್ನು ಹಿಡಿದಿಟ್ಟ ಇಡಿಟಿಎಯನ್ನೂ ಒಂದಿಷ್ಟು ಸುಟ್ಟುಹೋಗುತ್ತದೆ. ಎರಡು ಸಲ ದುಡ್ಡು ಕೊಟ್ಟು ತಂದ ಕಬ್ಬಿಣ ಹಾಗೆ ವ್ಯರ್ಥವಾಯಿತು.

ಒಂದು ಮಧ್ಯಾಹ್ನದ ಅಳತೆ

ನನ್ನನ್ನು ಕರೆದದ್ದು ಈ ಹಂತದಲ್ಲಿ. ನೋಟ್ ಪುಸ್ತಕ ತೋರಿಸಿದರು. ಇಸಿ, ಪಿಎಚ್, ನೀರಿನ ಉಷ್ಣತೆ, ಮೂರೂ ದಿನದಿನಕ್ಕೆ ಬರೆದಿದ್ದವು. ಉಷ್ಣತೆ 23ರಿಂದ 25 ಡಿಗ್ರಿಯ ಒಳಗೇ ಇತ್ತು. ಎಲ್ಲ ಅಳತೆಯೂ ಬೆಳಿಗ್ಗೆ, ಎಲ್ಲವೂ ತೊಟ್ಟಿಯದ್ದು. ಮಧ್ಯಾಹ್ನ ಮೂರು ಗಂಟೆಗೆ ಬಕೆಟ್‌ಗಳನ್ನೇ ಒಂದೊಂದಾಗಿ ಅಳೆಯೋಣ ಎಂದೆ. ತಮ್ಮನಿಗೆ ಅದು ಅನಗತ್ಯ ಎನ್ನಿಸಿತು. "ನೀರು ಒಂದೇ ಅಲ್ಲವೇ? ತೊಟ್ಟಿಯದ್ದು ಸರಿ ಇದೆಯಲ್ಲ ಅಕ್ಕಾ."

"ಗಿಡ ಇರುವುದು ತೊಟ್ಟಿಯಲ್ಲೇನೋ?" ಎಂದರು ಅಕ್ಕ, ಮೀಟರ್ ಕೈಗೆತ್ತಿಕೊಂಡು.

ತೊಟ್ಟಿಯಲ್ಲಿ ಉಷ್ಣತೆ 27. ಮೊದಲ ಟೊಮೆಟೊ ಬಕೆಟ್ಟಿನಲ್ಲಿ 31. ಪಶ್ಚಿಮದ ಬಿಸಿಲಿಗೆ ಮೈಯೊಡ್ಡಿದ ಸೌತೆ ಬಕೆಟ್ಟಿನಲ್ಲಿ 33. ತೊಟ್ಟಿಯ ಇಸಿ 2.8, ಬಕೆಟ್‌ಗಳಲ್ಲಿ 3.1ರಿಂದ 3.6. ತೊಟ್ಟಿಯ ಪಿಎಚ್ 6.1, ಬಕೆಟ್‌ಗಳಲ್ಲಿ 7ಕ್ಕಿಂತ ಮೇಲೆ, ಒಂದರಲ್ಲಿ 7.4. ಒಂದೇ ನೀರು ಎಂದುಕೊಂಡಿದ್ದ ಕಡೆ 17 ಬಗೆಯ ನೀರಿತ್ತು.

ಕಾರಣ ಆ 'ಟಿ' ಜೋಡಣೆಯಲ್ಲಿತ್ತು. ಪಂಪ್ ತಳ್ಳಿದ ದ್ರಾವಣ ಮುಖ್ಯ ಕೊಳವೆಯಲ್ಲಿ ಸುತ್ತಿ ತೊಟ್ಟಿಗೆ ಮರಳುತ್ತಿತ್ತು. ಬಕೆಟ್‌ಗಳು ಅದರ ಪಕ್ಕದಲ್ಲಿ ತೂಗುಬಿದ್ದ ಕುರುಡು ಕವಲುಗಳು. ಗಿಡ ಕುಡಿದಷ್ಟು ದ್ರಾವಣ ಮಾತ್ರ ಒಳಗೆ ಬರುತ್ತಿತ್ತು, ಹೊರಗೆ ಹೋಗುವ ದಾರಿಯಿರಲಿಲ್ಲ. ನೀರಿನ ಮಟ್ಟ ಎಲ್ಲೆಡೆ ಸಮವಾಗಿದ್ದುದರಿಂದ ನೀರು ಸುತ್ತುತ್ತಿದೆ ಎಂಬ ಭ್ರಮೆ ಹುಟ್ಟಿತ್ತು. ಲೆಕ್ಕ ಹಾಕಿ ನೋಡಿದೆವು: ದಿನಕ್ಕೆ 2 ಲೀಟರ್ ಕುಡಿಯುವ ಗಿಡಕ್ಕೆ ಇಸಿ 2.8ರ ದ್ರಾವಣ ಬರುತ್ತಿದೆ; ಗಿಡ ಅದರಲ್ಲಿ 2.2ರಷ್ಟನ್ನು ಬಳಸಿದರೂ ಉಳಿದ ಲವಣ ಬಕೆಟ್ಟಿನಲ್ಲೇ ನಿಲ್ಲುತ್ತದೆ. ಹತ್ತು ದಿನಗಳಲ್ಲಿ 16 ಲೀಟರ್ ದ್ರಾವಣದ ಇಸಿ 0.7ಕ್ಕೂ ಹೆಚ್ಚು ಏರಬೇಕು. ಮೀಟರ್ ತೋರಿಸಿದ್ದೂ ಅದಕ್ಕೆ ಹೊಂದುತ್ತಿತ್ತು. ತೊಟ್ಟಿಗೆ ಹಾಕಿದ ಆಮ್ಲ, ಕಬ್ಬಿಣ, ಪೆರಾಕ್ಸೈಡ್ ಯಾವುದೂ ಸಕಾಲಕ್ಕೆ ಬೇರಿನ ಬಳಿ ಹೋಗಿರಲಿಲ್ಲ. ಇಷ್ಟು ದಿನ ಚಿಕಿತ್ಸೆ ನಡೆದದ್ದು ತೊಟ್ಟಿಗೆ.

ಎರಡು ವಾರಕ್ಕೊಮ್ಮೆ ದ್ರಾವಣ ಬದಲಿಸುವಾಗ ಮಾತ್ರ ಎಲ್ಲ ಬಕೆಟ್‌ಗಳ ನೀರು ಒಂದೇ ಕೊಳವೆಗೆ ಇಳಿದು, ಹೊಸ ನೀರು ಅದೇ ಕೊಳವೆಯಿಂದ ಎಲ್ಲಕ್ಕೂ ತುಂಬುತ್ತಿತ್ತು. ಪೋಷಕಾಂಶವನ್ನು ಸಮವಾಗಿ ಹಂಚಲಾಗದ ಜೋಡಣೆ ಬೇರು ಕೊಳೆಯನ್ನು ಮಾತ್ರ ಚೆನ್ನಾಗಿ ಹಂಚಿತ್ತು.

ಉಷ್ಣತೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದು ನಿಜ: 20 ಡಿಗ್ರಿಯಲ್ಲಿ ಲೀಟರಿಗೆ ಗರಿಷ್ಠ ಸುಮಾರು 9.1 ಮಿಲಿಗ್ರಾಂ, 25ರಲ್ಲಿ 8.3, 30ರಲ್ಲಿ 7.6. ಈ ಇಳಿಕೆಯೊಂದೇ ಆಗಿದ್ದರೆ ಗಿಡ ಸಾಯುತ್ತಿರಲಿಲ್ಲ. ಹತ್ತು ಡಿಗ್ರಿ ಏರಿದರೆ ಬೇರಿನ ಉಸಿರಾಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ ಬಿಸಿಯಲ್ಲಿ ಕೊಳೆತ ಬೇರನ್ನು ತಿನ್ನುವ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಒದಗುವುದು ಸ್ವಲ್ಪ ಕಡಿಮೆ, ಬೇಡಿಕೆ ಬಹಳ ಹೆಚ್ಚು. ಅದರ ಜೊತೆಗೆ, ಏರ್ ಪಂಪನ್ನು ಮಳೆ ತಾಗದಿರಲೆಂದು ತಗಡಿನ ಡಬ್ಬಿಯೊಳಗೆ ಇಟ್ಟು ಬಿಸಿಲಿಗೆ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತು ಅದು ಕಾದ ಗಾಳಿಯನ್ನೇ 16 ಬಕೆಟ್‌ಗಳಿಗೂ ಊದುತ್ತಿತ್ತು. ಮುಟ್ಟಿ ನೋಡಿದ ತಮ್ಮ ಕೈ ಹಿಂದೆಗೆದರು. ಮೇಲಾಗಿ, ಮಟ್ಟ ಸದಾ ಅಂಚಿನಲ್ಲಿದ್ದುದರಿಂದ ಗಾಳಿಯ ಬೇರು ಎಂಬ ಮೀಸಲು ದಾರಿಯೂ ಗಿಡಕ್ಕಿರಲಿಲ್ಲ.

ಎರಡನೆಯ ಸುತ್ತು: ಏನನ್ನು ಬಿಡುವುದು, ಏನನ್ನು ಉಳಿಸುವುದು

ಆ ಸಂಜೆ ಮೂರು ದಾರಿಗಳ ಮಾತಾಯಿತು. ಎಲ್ಲವನ್ನೂ ಕಿತ್ತು ಹೊಸದಾಗಿ ಆರಂಭಿಸುವುದು. ತಮ್ಮ ಬಯಸಿದಂತೆ ದಪ್ಪ ಕೊಳವೆ ಹಾಕಿ, ದ್ರಾವಣ ಪ್ರತಿ ಬಕೆಟ್ಟನ್ನೂ ಹಾದುಹೋಗುವಂತೆ ಮಾಡಿ, ನೀರು ತಂಪಾಗಿಸುವ ಯಂತ್ರ ಕೂರಿಸುವುದು. ಇಲ್ಲವೇ ಬಕೆಟ್‌ಗಳನ್ನು ಬೇರ್ಪಡಿಸುವುದು. ತಮ್ಮನ ವಾದದಲ್ಲಿ ತಿರುಳಿತ್ತು. ಸರಿಯಾಗಿ ಹರಿಯುವ ಜೋಡಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೇರು ಕೊಳೆ ಹಬ್ಬಿರುವಾಗ ಬಕೆಟ್‌ಗಳನ್ನು ಇನ್ನೂ ಚೆನ್ನಾಗಿ ಜೋಡಿಸುವುದು ಅಪಾಯ. ಅಕ್ಕ ಬೇರ್ಪಡಿಸುವ ಕಡೆ ನಿಂತರು.

ಅಂದೇ ಕವಲುಗಳಿಗೆ ಬಿರಡೆ ಬಿತ್ತು, ತೇಲು ವಾಲ್ವ್ ಮುಚ್ಚಿತು. ಎಲ್ಲ ಗಿಡಗಳ ಬೇರನ್ನೂ ಎತ್ತಿ ನೋಡಿದರು. ನಾಲ್ಕು ಸೌತೆ ಮತ್ತು ಮೂರು ಟೊಮೆಟೊಗಳ ಬೇರು ಮುಕ್ಕಾಲು ಪಾಲು ಕೊಳೆತಿತ್ತು. ಸೌತೆಯನ್ನು ಕೀಳುವುದು ಸುಲಭವಾಗಲಿಲ್ಲ. ಎರಡರಲ್ಲಿ ಮಿಡಿಗಳಿದ್ದವು, ಬೆಳಗಿನ ಹೊತ್ತು ನೋಡಿದರೆ ಆರೋಗ್ಯವಾಗಿಯೇ ಕಾಣುತ್ತಿದ್ದವು. ಕಿತ್ತದ್ದು ಸರಿಯೆಂದೇ ನನ್ನ ಅಭಿಪ್ರಾಯ. ಬೇರಿಲ್ಲದ ಸೌತೆ ಬಳ್ಳಿ ತಾನು ಉಳಿಯುವುದಿಲ್ಲ, ಪಕ್ಕದ ಬಕೆಟ್ಟಿಗೆ ರೋಗ ದಾಟಿಸುವ ನೆಲೆಯಾಗಿ ಮಾತ್ರ ಉಳಿಯುತ್ತದೆ. ಆ ಏಳು ಬಕೆಟ್, ಏರ್ ಸ್ಟೋನ್, ಕೊಳವೆ ಎಲ್ಲವನ್ನೂ ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆದು, ಮತ್ತೆ ಬರಿನೀರಿನಲ್ಲಿ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಿದರು.

ಮೂರು ಟೊಮೆಟೊಗಳನ್ನು ಎಸೆಯುವ ಮೊದಲು ಅಕ್ಕ ಒಂದು ನಿರ್ಧಾರ ಕೈಗೊಂಡರು. ಇಡೀ ಪ್ರಕರಣದಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಅದು. ಹಳೆಯ ಬೇರನ್ನು ಬದುಕಿಸಲು ಹೆಣಗುವ ಬದಲು, ಉಳಿದ ಗಿಡಗಳಲ್ಲಿ ಅತ್ಯಂತ ಗಟ್ಟಿಯಾದ ಒಂದರಿಂದ, ನೆಲಮಟ್ಟಕ್ಕಿಂತ ಬಹಳ ಮೇಲಿನ ಕಂಕುಳ ಚಿಗುರುಗಳನ್ನು ಚಿವುಟಿ ಒದ್ದೆ ಪರ್ಲೈಟಿನಲ್ಲಿ (ಮಣ್ಣಿನ ಬದಲು ಬಳಸುವ ಹಗುರ ಬಿಳಿ ಹರಳುಗಳಲ್ಲಿ) ನೆಟ್ಟರು. ಟೊಮೆಟೊದ ಕಂಕುಳ ಚಿಗುರು ಒಂದೂವರೆ ವಾರದೊಳಗೆ ಬೇರು ಬಿಡುತ್ತದೆ. ಬೀಜದಿಂದ ಆರಂಭಿಸುವುದಕ್ಕೆ ಹೋಲಿಸಿದರೆ ಹಲವು ವಾರ ಉಳಿಯುತ್ತದೆ. ಬೇರಿನ ರೋಗ ಅಷ್ಟು ಮೇಲಿನ ಚಿಗುರಿಗೆ ಏರಿರುವ ಸಂಭವ ಕಡಿಮೆ. ನಂಜುರೋಗ ತಗುಲಿದ ಗಿಡವಾಗಿದ್ದರೆ ಮಾತ್ರ ಈ ಉಪಾಯ ಕೂಡದು, ನಂಜು ಚಿಗುರಿನೊಂದಿಗೇ ಬರುತ್ತದೆ. ಇಲ್ಲಿ ಎಲೆಗಳಲ್ಲಿ ಮುದುಡುವಿಕೆಯಾಗಲಿ ಮಚ್ಚೆಯಾಗಲಿ ಇರಲಿಲ್ಲ.

ಖಾಲಿಯಾದ ಬಕೆಟ್‌ಗಳಲ್ಲಿ ಆರನ್ನು ಡಚ್ ಬಕೆಟ್ ಮಾದರಿಗೆ ಬದಲಿಸಿದರು. ಗೋಡೆಯಲ್ಲಿ ತಳದಿಂದ ಸುಮಾರು 5 ಸೆಂಟಿಮೀಟರ್ ಮೇಲೆ ರಂಧ್ರ ಕೊರೆದು ಎಲ್ಬೋ (ಬಾಗಿದ ಕೊಳವೆ ತುಂಡು) ಕೂರಿಸಿ, ದಪ್ಪ ಪರ್ಲೈಟ್ ತುಂಬಿ, ಮೇಲಿನಿಂದ ಹನಿ ನಳಿಕೆ. ತಳದಲ್ಲಿ ಸ್ವಲ್ಪ ದ್ರಾವಣ ಸದಾ ಉಳಿಯುತ್ತದೆ, ಹೆಚ್ಚಾದದ್ದು ಹೊರಹರಿಯುತ್ತದೆ, ಹರಿದುಹೋಗುವಾಗ ಪರ್ಲೈಟಿನ ಸಂದುಗಳಿಗೆ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಇಲ್ಲಿ ಆಮ್ಲಜನಕಕ್ಕೆ ಏರ್ ಪಂಪ್ ಬೇಕಿಲ್ಲ. ಪರ್ಲೈಟನ್ನು ತೊಳೆಯದೆ ತುಂಬಬಾರದು, ಅದರ ದೂಳು ಎಲ್ಬೋವನ್ನು ಕಟ್ಟುತ್ತದೆ, ಮೂಗಿಗೂ ಒಳ್ಳೆಯದಲ್ಲ.

ನೀರಿನಲ್ಲೇ ಉಳಿದ ಐದು ಟೊಮೆಟೊ ಮತ್ತು ನಾಲ್ಕು ಮೆಣಸಿನ ಗಿಡಗಳಿಗೆ ಇಸಿ 1.6ರ ಹೊಸ ದ್ರಾವಣ ಕೊಟ್ಟರು. ಗಾಯಗೊಂಡ ಬೇರಿಗೆ ಅದಕ್ಕಿಂತ ಗಾಢವಾದದ್ದು ಬೇಡವೆಂದು. ಗಡಸು ನೀರನ್ನು ಪೀಪಾಯಿಯಲ್ಲಿ ತುಂಬಿ, ಮೊದಲೇ ಆಮ್ಲ ಬೆರೆಸಿ, ಒಂದು ರಾತ್ರಿ ಬಿಟ್ಟು, ಬೈಕಾರ್ಬೊನೇಟ್ ಅನಿಲವಾಗಿ ಹೊರಹೋದ ಮೇಲೆ ಗೊಬ್ಬರ ಬೆರೆಸುವುದು ರೂಢಿಯಾಯಿತು. ಪಿಎಚ್ ಏರಿಳಿತ ಇದರಿಂದ ಗಮನಾರ್ಹವಾಗಿ ತಗ್ಗಿತು. ದ್ರಾವಣದ ಮಟ್ಟವನ್ನು ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ಇಳಿಸುತ್ತ ನೆಟ್ ಪಾಟಿನ ಕೆಳಗೆ 6 ಸೆಂಟಿಮೀಟರ್ ಗಾಳಿಯ ಜಾಗ ಬಿಟ್ಟರು. ನೀರಿನಲ್ಲೇ ಬೆಳೆದ ಬೇರನ್ನು ಒಮ್ಮೆಲೇ ಗಾಳಿಗೆ ಒಡ್ಡಿದರೆ ಒಣಗುತ್ತದೆ; ನಿಧಾನವಾಗಿ ಇಳಿಸಿದರೆ ಗಾಳಿಯ ಬೇರು ಹುಟ್ಟಲು ವೇಳೆ ಸಿಗುತ್ತದೆ.

ಬಿಸಿಗೆ ನೆರಳು ಬಲೆ ಕಟ್ಟಿದರು, ಬಕೆಟ್‌ಗಳಿಗೆ ಹೊಳೆಯುವ ಹಾಳೆ ಸುತ್ತಿದರು, ಏರ್ ಪಂಪನ್ನು ಮನೆಯೊಳಗಿಟ್ಟು ನಳಿಕೆ ಮಾತ್ರ ಹೊರತಂದರು. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಲು ಮರೆಯಲಿಲ್ಲ, ವಿದ್ಯುತ್ ಹೋದಾಗ ನೀರು ಹಿಮ್ಮುಖವಾಗಿ ಪಂಪಿಗೆ ಬರಬಾರದಲ್ಲ. ಮಂಜುಗಟ್ಟಿಸಿದ ನೀರಿನ ಬಾಟಲಿಗಳ ಉಪಾಯ ಹೇಳಿದ್ದು ತಮ್ಮ. ಒಂದು ಲೀಟರ್ ಮಂಜು ಕರಗಿ ದ್ರಾವಣದಷ್ಟು ಬೆಚ್ಚಗಾಗುವಷ್ಟರಲ್ಲಿ ಸುಮಾರು 450 ಕಿಲೋಜೂಲ್ ಶಾಖ ಹೀರುತ್ತದೆ. ಹಳೆಯ ಜೋಡಣೆಯಲ್ಲಿ ಒಟ್ಟು 340 ಲೀಟರ್ ದ್ರಾವಣವಿತ್ತು. ಅದನ್ನು ಒಂದೇ ಒಂದು ಡಿಗ್ರಿ ಇಳಿಸಲು ಮೂರು ಬಾಟಲಿ ಬೇಕಾಗುತ್ತಿತ್ತು. ಈಗ ಬಿಡಿ ಬಕೆಟ್ಟಿನಲ್ಲಿ 13 ಲೀಟರ್ ಮಾತ್ರ. ಅರ್ಧ ಲೀಟರಿನ ಬಾಟಲಿ ನಾಲ್ಕು ಡಿಗ್ರಿ ಇಳಿಸುತ್ತದೆ. ಅತಿ ಬಿಸಿಯ ದಿನಗಳಲ್ಲಿ ಮಧ್ಯಾಹ್ನ ಟೊಮೆಟೊ ಬಕೆಟ್‌ಗಳಿಗೆ ಮಾತ್ರ ಬಾಟಲಿ ಇಳಿಸಿದರು. ಕೆಲವು ಗಂಟೆಗಳಲ್ಲಿ ಉಷ್ಣತೆ ಮತ್ತೆ ಏರುತ್ತಿತ್ತು, ಆದರೆ ಅಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು.

ಆದದ್ದು

ಐದು ಟೊಮೆಟೊಗಳಲ್ಲಿ ಮೂರು, ಎರಡನೆಯ ವಾರದ ಹೊತ್ತಿಗೆ ಕಾಂಡದ ಬುಡದಿಂದ ಬೆಳ್ಳನೆಯ ಹೊಸ ಬೇರು ಬಿಟ್ಟವು. ಎರಡು ಬದುಕಿದವು ಅಷ್ಟೇ. ಕಾಯಿ ಸಣ್ಣದಾಗಿಯೇ ಉಳಿಯಿತು. ಆ ಹೊತ್ತಿಗಾಗಲೇ ಕಪ್ಪಾಗಿದ್ದ ಕಾಯಿಗಳು ಸರಿಹೋಗಲಿಲ್ಲ, ಸರಿಹೋಗುವುದೂ ಇಲ್ಲ, ಅವನ್ನು ಕಿತ್ತುಹಾಕಿದರು. ಆಮೇಲೆ ಕಚ್ಚಿದ ಕಾಯಿಗಳಲ್ಲಿ ತುದಿ ಕೊಳೆ ಬರಲಿಲ್ಲ, ಇಸಿ 2.2ಕ್ಕೆ ಏರಿಸಿದ ಮೇಲೂ. ಕ್ಯಾಲ್ಸಿಯಂ ಪ್ರಮಾಣ ಮೊದಲಿಗಿಂತ ಕಡಿಮೆಯೇ ಇತ್ತು.

ಡಚ್ ಬಕೆಟ್‌ಗಳ ಆರು ಚಿಗುರುಗಳಲ್ಲಿ ಐದು ಹಿಡಿದವು. ಐದಾರು ವಾರಗಳಲ್ಲಿ ಹೂವು ಬಂತು, ಹಂಗಾಮಿನ ಕೊನೆಯ ಹೊತ್ತಿಗೆ ಹಳೆಯ ಗಿಡಗಳನ್ನು ಇಳುವರಿಯಲ್ಲಿ ಹಿಂದೆ ಹಾಕಿದವು. ಅಲ್ಲಿಯೂ ತೊಂದರೆ ಇರಲಿಲ್ಲವೆಂದಲ್ಲ. ಗಡಸು ನೀರಿನ ಸುಣ್ಣ ಹನಿ ನಳಿಕೆಗಳನ್ನು ಕಟ್ಟುತ್ತಿತ್ತು. ಬೆಳಿಗ್ಗೆ ಪ್ರತಿ ನಳಿಕೆ ಹನಿಸುತ್ತಿದೆಯೇ ಎಂದು ನೋಡುವುದು ಹೊಸ ಕೆಲಸವಾಯಿತು. ಒಂದು ಹಗಲು ಹಲವು ಗಂಟೆ ವಿದ್ಯುತ್ ಹೋದಾಗ ವ್ಯತ್ಯಾಸ ಎದ್ದು ಕಂಡಿತು: ಪರ್ಲೈಟಿನ ಗಿಡಗಳು ತಳದ ದ್ರಾವಣದಲ್ಲಿ ಹೊತ್ತು ಕಳೆದವು, ನೀರಿನ ಬಕೆಟ್‌ಗಳಿಗೆ ಬ್ಯಾಟರಿಯ ಪಂಪ್ ಹುಡುಕಿ ಓಡಾಡಬೇಕಾಯಿತು.

ದೊಣ್ಣೆ ಮೆಣಸಿನಕಾಯಿ ಮಾತ್ರ ಹೂವು ಉದುರಿಸುತ್ತಲೇ ಇತ್ತು. ಬೇರು ಬಿಳಿಯಾಗಿತ್ತು, ದ್ರಾವಣ ಸರಿಯಾಗಿತ್ತು. ರಾತ್ರಿಯೂ ಸೆಕೆ ಇಳಿಯದಿದ್ದರೆ ಮೆಣಸು ಹೂವು ಉದುರಿಸುತ್ತದೆ. ಹವೆ ತಂಪಾದ ಮೇಲೆ ತಾನೇ ಕಾಯಿ ಕಟ್ಟಿತು. ಆ ನಡುವೆ ಪೊಟ್ಯಾಸಿಯಂ ಸೇರಿಸಬೇಕೆಂದು ತಮ್ಮ ಎರಡು ಸಲ ಹೇಳಿದರು, ಅಕ್ಕ ಎರಡು ಸಲವೂ ತಡೆದರು. ಏನನ್ನೂ ಹಾಕದೆ ಕಾಯುವುದು ಈ ಕೃಷಿಯಲ್ಲಿ ಕಷ್ಟದ ಕೌಶಲ, ಅವರಿಗೆ ಅದು ಒಲಿದಿತ್ತು.

ಈಗ ಅವರು ನೋಡುವ ರೀತಿ

ನೆರಳು, ಬೇರ್ಪಡಿಕೆ, ಮಟ್ಟದ ಇಳಿಕೆ, ತೆಳು ದ್ರಾವಣ ಎಲ್ಲವೂ ಒಂದೇ ವಾರದಲ್ಲಿ ಆದವು. ಗಿಡ ಉಳಿಸುವ ಅವಸರದಲ್ಲಿ ಒಂದೊಂದಾಗಿ ಪರೀಕ್ಷಿಸುವ ವ್ಯವಧಾನ ಯಾರಿಗಿರುತ್ತದೆ? ಆದ್ದರಿಂದ ಇದರಲ್ಲಿ ಇಂಥದ್ದೇ ಗೆದ್ದಿತು ಎಂದು ಬೊಟ್ಟು ಮಾಡುವುದಿಲ್ಲ. ಖಚಿತವಾಗಿ ಬದಲಾದದ್ದು ಅಳತೆಯ ರೀತಿ.

ತೇಲು ವಾಲ್ವ್ ಕೆಲಸ ಉಳಿಸಿತ್ತು, ಜೊತೆಗೆ ಗಿಡ ಎಷ್ಟು ಕುಡಿಯುತ್ತಿದೆ ಎಂಬ ಸುದ್ದಿಯನ್ನೂ ಮುಚ್ಚಿಟ್ಟಿತ್ತು. ಕೈಯಲ್ಲಿ ನೀರು ತುಂಬುತ್ತಿದ್ದರೆ, ನಿನ್ನೆ ಎರಡು ಲೀಟರ್ ಕುಡಿದ ಸೌತೆ ಇಂದು ಅರ್ಧ ಲೀಟರಿಗೆ ಇಳಿದದ್ದು, ಎಲೆ ಜೋಲುವ ಮೊದಲೇ ತಿಳಿಯುತ್ತಿತ್ತು. ಈಗ ಪ್ರತಿ ಬಕೆಟ್ಟಿನ ಹೊರಗೆ ತಳದಿಂದ ಮೇಲಕ್ಕೆ ಒಂದು ಪಾರದರ್ಶಕ ನಳಿಕೆ ಇದೆ, ಪಾಚಿ ಕಟ್ಟದಂತೆ ಕಪ್ಪು ಪಟ್ಟಿ ಸುತ್ತಿ, ನೋಡುವಾಗ ಮಾತ್ರ ಸರಿಸುತ್ತಾರೆ. ಮಟ್ಟ ಮತ್ತು ಇಸಿ ಎರಡನ್ನೂ ಜೊತೆಗಿಟ್ಟು ಓದುತ್ತಾರೆ. ಮಟ್ಟ ಚೆನ್ನಾಗಿ ಇಳಿದು ಇಸಿ ಏರಿದರೆ ಗಿಡ ಗೊಬ್ಬರಕ್ಕಿಂತ ನೀರನ್ನು ಹೆಚ್ಚು ಬಯಸುತ್ತಿದೆ. ಮುಂದಿನ ಬಾರಿ ತೆಳು ದ್ರಾವಣ. ಮಟ್ಟ ಇಳಿದು ಇಸಿಯೂ ಇಳಿದರೆ ಹಸಿದಿದೆ, ಸ್ವಲ್ಪ ಗಾಢ. ಬಿಸಿಲಿದ್ದೂ ಮಟ್ಟ ಇಳಿಯದಿದ್ದರೆ ಯಾವ ಬಾಟಲಿಯನ್ನೂ ಮುಟ್ಟುವುದಿಲ್ಲ, ಮುಚ್ಚಳ ಎತ್ತಿ ಬೇರು ನೋಡುತ್ತಾರೆ. ವಾರಕ್ಕೊಮ್ಮೆ ಅಳತೆ ಮಧ್ಯಾಹ್ನ ಮೂರು ಗಂಟೆಗೆ. ಎಲ್ಲ ಬಕೆಟ್ಟಿಗೂ ಸೇರಿ ಅರ್ಧ ಗಂಟೆಯ ಕೆಲಸ.

ಜೋಡಣೆಯ ಆಸೆಯನ್ನು ತಮ್ಮ ಬಿಟ್ಟಿಲ್ಲ. ಸದ್ಯದ ವಾದ ಡಚ್ ಬಕೆಟ್‌ಗಳಿಂದ ಹೊರಹರಿಯುವ ದ್ರಾವಣದ್ದು. ಅದನ್ನು ತೊಟ್ಟಿಗೆ ಮರಳಿಸಿದರೆ ನೀರು, ಗೊಬ್ಬರ ಎರಡೂ ಉಳಿಯುತ್ತವೆ ಎಂಬುದು ಅವರ ಲೆಕ್ಕ. ಗಡಸು ನೀರಿನ ಸೋಡಿಯಂ ಮತ್ತು ಕ್ಲೋರೈಡನ್ನು ಗಿಡ ಹೆಚ್ಚು ಬಳಸುವುದಿಲ್ಲ, ಮರಳಿಸಿದಷ್ಟೂ ಅವು ಕೂಡುತ್ತಾ ಹೋಗುತ್ತವೆ, ಮೀಟರ್ ಅದನ್ನೂ ಗೊಬ್ಬರವೆಂದೇ ಎಣಿಸುತ್ತದೆ ಎಂಬುದು ಅಕ್ಕನ ಆಕ್ಷೇಪ. ಇಬ್ಬರೂ ಸರಿಯೆಂದೇ ನನಗೆ ತೋರುತ್ತದೆ. ಮರಳುವ ಕೊಳವೆಯನ್ನು ತಮ್ಮ ಹಾಕಿಯಾಗಿದೆ, ಆದರೆ ಅದರ ತುದಿ ತೊಟ್ಟಿಗೆ ಸೇರಿಲ್ಲ. ಪಕ್ಕದ ಪೀಪಾಯಿಗೆ ಇಳಿಯುತ್ತದೆ. ಸಂಜೆ ಅಕ್ಕ ಅದರ ಇಸಿ ನೋಡುತ್ತಾರೆ. 2.6ಕ್ಕಿಂತ ಕಡಿಮೆ ಇದ್ದರೆ ತೊಟ್ಟಿಗೆ ಹೋಗುತ್ತದೆ, ಹೆಚ್ಚಿದ್ದರೆ ಮಣ್ಣಿನ ಕುಂಡಗಳಲ್ಲಿರುವ ಹೂಗಿಡಗಳಿಗೆ. ಹಾಗೆ ಮರಳಿಸಿದರೂ ಎರಡು ವಾರ ದಾಟಿದರೆ ತೊಟ್ಟಿಯ ಅಷ್ಟೂ ದ್ರಾವಣ ಕುಂಡಗಳ ಪಾಲು.